ಡಿಸೆಂಬರಿನ ದೀಪಗಳು: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಹೋದ ಭಾನುವಾರ ನಮ್ಮ ಕನ್ನಡ ಶಾಲೆಯಲ್ಲಿ ‘ಹಬ್ಬ’ ಎಂಬ ಪದಕ್ಕೆ ವಾಕ್ಯ ಮಾಡಿಸುತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತು, “ಟೀಚರ್, ನಮ್ಮ ಪಕ್ಕದ ಮನೆಯವರು ಡಿಸೆಂಬರಿನಲ್ಲಿ ದೀಪಾವಳಿ ಮಾಡ್ತಾರೆ” ಅಂದ. ವಾಕ್ಯ ಸರಿಯಾಗಿತ್ತು, ಮಾರ್ಕ್ಸ್ ಕೊಟ್ಟೆ. ಆದರೆ ವಿಷಯ ಪೂರ್ತಿ ಸರಿ ಇರಲಿಲ್ಲ. ಅವನು ಹೇಳಿದ್ದು ಯೆಹೂದಿಗಳ ಹನುಕ್ಕಾ ಹಬ್ಬದ ಬಗ್ಗೆ. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಮಕ್ಕಳಿಗೆ ಯೆಹೂದಿ ಗೆಳೆಯರು ಬೇಕಾದಷ್ಟಿದ್ದಾರೆ, ಈ ಸಲವೂ ಹಲವರ ಮನೆಗೆ ಕರೆ ಬಂದಿದೆ. ಅದಕ್ಕೇ ಈ ಪತ್ರ.

2026ರಲ್ಲಿ ಹಬ್ಬ ಡಿಸೆಂಬರ್ 4ರ ಶುಕ್ರವಾರ ಸಂಜೆ ಶುರುವಾಗಿ 12ಕ್ಕೆ ಮುಗಿಯುತ್ತದೆ. 2024ರಲ್ಲಿ ಶುರುವಾದದ್ದೇ 25ರಂದು. ಈ ಏರುಪೇರು ನಮಗೆ ಹೊಸದಲ್ಲ. ಅವರದೂ ಚಂದ್ರನ ತಿಂಗಳು, ಅವರಿಗೂ ಅಧಿಕ ಮಾಸ ಉಂಟು, 19 ವರ್ಷಕ್ಕೆ 7. ಕಿಸ್ಲೇವ್ ತಿಂಗಳ 25ಕ್ಕೆ ಹಬ್ಬ ಶುರು. ಎಂಟು ದಿನಗಳ ನಡುವೆ ಅಮಾವಾಸ್ಯೆ ಬಂದೇ ಬರುತ್ತದೆ. ಕತ್ತಲು ಜಾಸ್ತಿ ಇರುವಾಗ ದೀಪ ಹಚ್ಚುವುದು, ಅಷ್ಟರ ಮಟ್ಟಿಗೆ ಆ ಹುಡುಗ ಹೇಳಿದ್ದೂ ನಿಜ.

ಕಥೆ ಬೇರೆ. ಕ್ರಿ.ಪೂ. 167ರಲ್ಲಿ ಸಿರಿಯಾ ಆಳುತ್ತಿದ್ದ ಗ್ರೀಕ್ ದೊರೆ ನಾಲ್ಕನೇ ಆಂಟಿಯೋಕಸ್ ಜೆರುಸಲೇಮಿನ ದೇವಾಲಯದಲ್ಲಿ ತನ್ನ ದೇವರ ಪೂಜೆ ಶುರು ಮಾಡಿಸಿದ. ಯೆಹೂದಿಗಳ ಆಚರಣೆಗಳನ್ನು ನಿಷೇಧಿಸಿದ. ಮೋದಿಯಿನ್ ಎಂಬ ಊರಿನ ಪುರೋಹಿತ ಮತ್ತಾತಿಯಸ್ ಮತ್ತು ಅವನ ಐದು ಗಂಡುಮಕ್ಕಳು ತಿರುಗಿಬಿದ್ದರು. ಅವರಲ್ಲಿ ಯೂದ ಮಕ್ಕಬಿ ಎಂಬವನು ಮುಂದೆ ನಿಂತು, ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಶುದ್ಧಿ ಮಾಡಿಸಿ ಮತ್ತೆ ಪ್ರತಿಷ್ಠೆ ಮಾಡಿಸಿದ. ಹನುಕ್ಕಾ ಎಂಬ ಪದದ ಅರ್ಥವೇ ಪ್ರತಿಷ್ಠೆ.

ಆಗ ದೇವಾಲಯದ ದೀಪಕ್ಕೆ ಸಿಕ್ಕ ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತು ಎಂಬ ಕಥೆಯನ್ನು ಪುಟ್ಟ ಮಕ್ಕಳಿಗೆ ಹಾಗೇ ಹೇಳಿ. ದೊಡ್ಡ ಮಕ್ಕಳಾದರೆ ಇನ್ನೊಂದು ಮಾತೂ ಹೇಳಬಹುದು. ಆ ಯುದ್ಧದ ಸಂಗತಿ ಬರೆದಿಟ್ಟ ಹಳೆಯ ಪುಸ್ತಕಗಳಲ್ಲಿ ಈ ಎಣ್ಣೆಯ ಪವಾಡವೇ ಇಲ್ಲ. ಅದು ಬರುವುದು ನೂರಾರು ವರ್ಷಗಳ ನಂತರದ ತಾಲ್ಮುದ್ ಎಂಬ ಯೆಹೂದಿ ಧರ್ಮಗ್ರಂಥದಲ್ಲಿ. ಯುದ್ಧದಿಂದಾಗಿ ತಪ್ಪಿಹೋಗಿದ್ದ ಎಂಟು ದಿನದ ಬೇರೊಂದು ಹಬ್ಬವನ್ನು ನೆನೆದು ಎಂಟು ದಿನ ಆಚರಿಸಿದರು ಎನ್ನುತ್ತದೆ ಒಂದು ಹಳೆಯ ಪುಸ್ತಕ.

ಈಗ ದೀಪದ ವಿಷಯ. ನಾನು ಪೆದ್ದಳಾದದ್ದು ಇಲ್ಲೇ. ಬಂದ ಹೊಸದರಲ್ಲಿ ನೆರೆಮನೆಯ ಅಜ್ಜಿ ಕರೆದಿದ್ದರು. ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಅಡುಗೆ ಬರೆದ ಚೀಟಿ ಕೊಟ್ಟರು. ಕಣ್ಣಿಗೆ ಕಾಣದೆ ದೀಪದ ಹತ್ತಿರ ಹಿಡಿದು ಓದತೊಡಗಿದೆ. ಅಜ್ಜಿ ನಕ್ಕು, ಎದ್ದು ಲೈಟ್ ಹಾಕಿದರು. ಹನುಕ್ಕಾ ದೀಪದ ಬೆಳಕಿನಲ್ಲಿ ಓದುವಂತಿಲ್ಲ, ದುಡ್ಡು ಎಣಿಸುವಂತಿಲ್ಲ. ಸುಮ್ನೆ ನೋಡಬೇಕು, ಅಷ್ಟೇ. ಕಿಟಕಿಯಲ್ಲಿ ಇಡುವುದೂ ಬೀದಿಯವರಿಗೆ ಕಾಣಲಿ ಎಂದೇ.

ದೀಪದ ಕಂಬಕ್ಕೆ ಎಂಟರ ಜೊತೆ ಒಂಬತ್ತನೆಯದೊಂದು ಇರುತ್ತದೆ, ಸ್ವಲ್ಪ ಎತ್ತರಕ್ಕೋ ಪಕ್ಕಕ್ಕೋ. ಅದರ ಹೆಸರು ಶಮಾಶ್, ಅಂದರೆ ಸೇವಕ. ಅದರಿಂದಲೇ ಮಿಕ್ಕವನ್ನು ಹಚ್ಚುತ್ತಾರೆ. ಮೊದಲ ರಾತ್ರಿ ಒಂದು, ಮರುದಿನ ಎರಡು, ಹೀಗೆ ಎಂಟರವರೆಗೆ. ಎಂಟರಿಂದ ಶುರುಮಾಡಿ ಇಳಿಸುತ್ತಾ ಬರಬೇಕು ಅನ್ನುವ ಗುರುಗಳೂ ಹಿಂದೆ ಇದ್ದರು. ಏರಿಸುತ್ತಾ ಹೋಗೋಣ ಅಂದ ಹಿಲ್ಲೆಲ್ ಎಂಬ ಗುರುವಿನ ಪಕ್ಷದ ಮಾತು ನಿಂತಿತು. ಮಕ್ಕಳಿಗೆ ಒಂದು ಮಾತು ಹೇಳಿ ಕಳಿಸಿ: ನಮ್ಮ ಹಣತೆಯಿಂದ ಸುರುಸುರು ಬತ್ತಿ ಹಚ್ಚಿದ ಹಾಗೆ ಅಲ್ಲಿ ಮಾಡಬಾರದು, ಊದಿ ಆರಿಸಲೂಬಾರದು. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಹಚ್ಚುತ್ತಾರೆ, ತಡವಾಗಿ ಹೋಗಬೇಡಿ.

ಊಟದ ಬಗ್ಗೆ ಫೋನ್ ಮಾಡಿ ಕೇಳಿದ್ದೀರಿ. ಎಣ್ಣೆಯ ನೆನಪಿಗೆ ಕರಿದ ತಿಂಡಿ: ತುರಿದ ಆಲೂಗಡ್ಡೆಯ ಲಾಟ್ಕೆ, ಜಾಮ್ ತುಂಬಿದ ಸುಫ್ಗಾನಿಯಾ. ಎರಡರಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ತಿನ್ನದವರು ಮೊದಲೇ ಹೇಳಿಬಿಡಿ. ನೀವು ಮಾಡಿದ ಮೈಸೂರುಪಾಕ್ ಎಷ್ಟೇ ಚೆನ್ನಾಗಿದ್ದರೂ ಕೋಷರ್, ಅಂದರೆ ಅವರ ಧರ್ಮದ ಊಟದ ನಿಯಮ, ಪಾಲಿಸುವ ಮನೆಯವರು ತಿನ್ನಲಾರರು, ಬೇಜಾರು ಮಾಡಿಕೊಳ್ಳಬೇಡಿ. ಇಡೀ ಹಣ್ಣು ಒಯ್ದರೆ ಯಾವ ತೊಂದರೆಯೂ ಇಲ್ಲ. ಇದು ಅವರ ಕ್ರಿಸ್‌ಮಸ್ ಎಂದು ಮಾತ್ರ ಹೇಳಬೇಡಿ. ಅವರ ಲೆಕ್ಕದಲ್ಲಿ ಇದು ಚಿಕ್ಕ ಹಬ್ಬ, ಕೆಲಸಕ್ಕೂ ಹೋಗುತ್ತಾರೆ. ಅಮೆರಿಕದಲ್ಲಿ ಡಿಸೆಂಬರಿನ ಗದ್ದಲಕ್ಕೆ ಸಿಕ್ಕಿ ದೊಡ್ಡದಾಯಿತು, ಅಷ್ಟೇ.

ಡಿಸೆಂಬರ್ 6ರ ತರಗತಿ ಎಂದಿನಂತೆ ಇರುತ್ತದೆ. ನಮ್ಮಲ್ಲೇ ಒಂದು ಮನೆಯಲ್ಲಿ ಅಮ್ಮ ಧಾರವಾಡದವರು, ಅಪ್ಪ ಯೆಹೂದಿ. ಅವರು ಅಂದು ಡ್ರೈಡಲ್ ತರುತ್ತಾರೆ, ಬೆರಳಲ್ಲಿ ತಿರುಗಿಸುವ ನಾಲ್ಕು ಮುಖದ ಬುಗುರಿ, ಮುಖಕ್ಕೊಂದು ಹೀಬ್ರೂ ಅಕ್ಷರ. ಗಿಮೆಲ್ ಬಿದ್ದರೆ ರಾಶಿಯೆಲ್ಲ ನಿಮ್ಮದು, ಹೇ ಬಿದ್ದರೆ ಅರ್ಧ, ನೂನ್ ಬಿದ್ದರೆ ಏನೂ ಇಲ್ಲ, ಶಿನ್ ಬಿದ್ದರೆ ನೀವೇ ಒಂದು ಹಾಕಬೇಕು. ಪಣಕ್ಕೆ ಚಾಕೊಲೇಟ್ ನಾಣ್ಯ ಬೇಡ ಅಂದಿದ್ದೇನೆ, ಊಟದ ಮೊದಲೇ ಖಾಲಿಯಾಗುತ್ತದೆ. ಯಾರ ಮನೆಯಲ್ಲಾದರೂ ಚೌಕಾಬಾರಕ್ಕೆ ಇಟ್ಟ ಹುಣಸೆ ಬೀಜ ಇದ್ದರೆ ಒಂದು ಡಬ್ಬಿ ಕಳಿಸಿಕೊಡಿ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ