ಹಬ್ಬಕ್ಕೆ ಮುಂಚಿನ ನಲವತ್ತೊಂಬತ್ತು ದಿನ

ಉಡುಪಿ

ಪ್ರೀತಿಯ ಮಗಳೇ,

ಕರ್ತನಲ್ಲಿ ವಂದನೆ. ಇಸ್ರೇಲಿನಲ್ಲಿ ನೀನು ನೋಡಿಕೊಳ್ಳುತ್ತಿರುವ ಯೆಹೂದಿ ಅಜ್ಜಿಯ ಮನೆಯಲ್ಲಿ ಶಾವುವೋತ್ (ವಾರಗಳ ಹಬ್ಬ) ಹಬ್ಬದ ಮಾತು ಶುರುವಾಗಿದೆ ಎಂದು ಬರೆದಿದ್ದೀ. "ಹಬ್ಬಕ್ಕೆ ಮುಂಚೆ ಎಷ್ಟು ದಿನ ಉಪವಾಸ ಮಾಡಬೇಕು ದೊಡ್ಡಪ್ಪಾ?" ಎಂದು ಕೇಳಿದ್ದೀ. ಒಂದು ದಿನವೂ ಬೇಡ ಮಗಳೇ. ಈ ಹಬ್ಬಕ್ಕೆ ಉಪವಾಸದ ಕಟ್ಟಳೆ ಇಲ್ಲ. ಆ ದಿನ ಉಂಡು ಸಂತೋಷಪಡಲೇಬೇಕು ಎಂಬ ವಿಷಯದಲ್ಲಿ, ಎಲ್ಲದಕ್ಕೂ ವಾದ ಮಾಡುವ ತಾಲ್ಮೂದಿನ (ಯೆಹೂದ್ಯರ ಧರ್ಮಚರ್ಚೆಯ ಗ್ರಂಥದ) ಪಂಡಿತರೂ ಒಂದೇ ಮಾತು. ಇಲ್ಲಿ ಸಿದ್ಧತೆ ನಡೆಯುವುದು ಹೊಟ್ಟೆ ಕಟ್ಟಿ ಅಲ್ಲ, ದಿನ ಎಣಿಸಿ.

ಯಾಜಕಕಾಂಡ 23ನೇ ಅಧ್ಯಾಯ ತೆಗೆ. ಪಸ್ಕದ (ಐಗುಪ್ತದಿಂದ ಬಿಡುಗಡೆಯಾದ ನೆನಪಿನ ಹಬ್ಬದ) ಸಮಯದಲ್ಲಿ ಪ್ರಥಮಫಲದ ಸಿವುಡನ್ನು ನಿವಾಳಿಸಿದ ದಿನದಿಂದ ಏಳು ವಾರ ಪೂರ್ತಿ ಎಣಿಸಿ ಐವತ್ತನೆಯ ದಿನ ಹಬ್ಬ ಮಾಡಬೇಕು. ಬೇರೆ ಹಬ್ಬಗಳಿಗೆ ಇಂಥ ತಿಂಗಳ ಇಂಥ ದಿನ ಎಂದು ತಾರೀಕು ಕೊಟ್ಟಿದೆ, ಇದಕ್ಕೆ ತಾರೀಕೇ ಇಲ್ಲ. ಎಣಿಸಿದವರಿಗೆ ಹಬ್ಬ, ಅಷ್ಟೆ. ಯೆಹೂದ್ಯರು ಇಂದಿಗೂ ಪ್ರತಿ ರಾತ್ರಿ ನಕ್ಷತ್ರ ಕಂಡ ಮೇಲೆ ಆಶೀರ್ವಚನ ಹೇಳಿ ದಿನವನ್ನೂ ವಾರವನ್ನೂ ಸೇರಿಸಿ ಎಣಿಸುತ್ತಾರೆ: "ಇವತ್ತು ಎಂಟು ದಿನ, ಅಂದರೆ ಒಂದು ವಾರ ಒಂದು ದಿನ." ರಾತ್ರಿ ಮರೆತರೆ ಮರುದಿನ ಹಗಲಲ್ಲಿ ಆಶೀರ್ವಚನವಿಲ್ಲದೆ ಎಣಿಸಿ, ಆ ರಾತ್ರಿಯಿಂದ ಎಂದಿನಂತೆ ಮುಂದುವರಿಸಬಹುದು. ರಾತ್ರಿ ಹಗಲು ಎರಡೂ ತಪ್ಪಿತೋ, ಉಳಿದ ದಿನಗಳನ್ನೆಲ್ಲ ಆಶೀರ್ವಚನವಿಲ್ಲದೆಯೇ ಎಣಿಸಬೇಕು. ಸಂಜೆ ಯಾರಾದರೂ "ಇವತ್ತು ಎಷ್ಟನೆಯದು?" ಎಂದು ಕೇಳಿದರೆ ಅಜ್ಜಿ "ನಿನ್ನೆ ಇಷ್ಟಾಗಿತ್ತು" ಅಂದಾರು. ಅದು ಮರೆವಲ್ಲ. ಇವತ್ತಿನ ಸಂಖ್ಯೆ ಬಾಯಿಂದ ಬಂದರೆ ಎಣಿಕೆ ಅಲ್ಲಿಗೇ ಮುಗಿದುಹೋಗುತ್ತದೆ, ಆಮೇಲೆ ಆಶೀರ್ವಚನ ಹೇಳುವಂತಿಲ್ಲ.

ಇನ್ನು ರೊಟ್ಟಿಯ ವಿಷಯ. ನನಗೆ ಈ ಹಬ್ಬದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ದೇವಾಲಯವಿದ್ದ ಕಾಲದಲ್ಲಿ ಹೊಸ ಗೋಧಿಯ ಎರಡು ರೊಟ್ಟಿ ತರಬೇಕಿತ್ತು. ಯೆಹೂದ್ಯರ ಹಳೆಯ ಕಟ್ಟಳೆಗಳ ಗ್ರಂಥ ಮಿಷ್ನಾ ಅದರ ಅಳತೆಯನ್ನೇ ಕೊಡುತ್ತದೆ: ಮೂರು ಸೆಯಾ, ಅಂದರೆ ಒಂದು ಏಫಾ ಗೋಧಿ (ಸುಮಾರು 22 ಲೀಟರು) ತೆಗೆದುಕೊಂಡು, ಹನ್ನೆರಡು ಜರಡಿ ಹಿಡಿದು, ಕೊನೆಗೆ ಅದರ ಹತ್ತರಲ್ಲಿ ಎರಡು ಪಾಲು ನಯವಾದ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳಬೇಕು. ರೊಟ್ಟಿಯ ಉದ್ದ ಏಳು ಹಿಡಿ, ಅಗಲ ನಾಲ್ಕು ಹಿಡಿ. ಎರಡನ್ನೂ ಬೇರೆಬೇರೆ ನಾದಿ, ಬೇರೆಬೇರೆ ಸುಟ್ಟು, ಎಲ್ಲವನ್ನೂ ಹಬ್ಬದ ಮುನ್ನಾದಿನವೇ ಮುಗಿಸಬೇಕು. ಹಬ್ಬದ ದಿನ ಒಲೆಗೆ ಹಾಕುತ್ತೇನೆ ಅಂದರೆ ಆಗದು.

ಇಷ್ಟು ಸೋಸಿದ ಹಿಟ್ಟಿಗೆ ಆಮೇಲೆ ಏನು ಸೇರಿಸಬೇಕು ಗೊತ್ತೇ? ಹಿಟ್ಟನ್ನು ಉಬ್ಬಿಸುವ ಹುಳಿ! ಪಸ್ಕದಲ್ಲಿ ಮನೆ ಮೂಲೆಮೂಲೆ ಹುಡುಕಿ ಹೊರಗೆ ಹಾಕಿದ ಅದೇ ಹುಳಿ. ಹುಳಿ ಸೇರಿದ ಕಾರಣ ಅದನ್ನು ಯಜ್ಞವೇದಿಯ ಮೇಲೆ ಹೋಮ ಮಾಡುವಂತಿಲ್ಲ (ಯಾಜಕಕಾಂಡ 2ನೇ ಅಧ್ಯಾಯ ನೋಡು), ಯೆಹೋವನ ಮುಂದೆ ನಿವಾಳಿಸಿ ಯಾಜಕರು ತಿನ್ನುತ್ತಿದ್ದರು. ಆದರೂ ಅದು ಯೆಹೋವನಿಗೆ ಪರಿಶುದ್ಧ. ಹೊಸದಾಗಿ ಭಕ್ತಿಗೆ ಬಂದವರು ಎಡವುವುದು ಇಲ್ಲಿಯೇ. ಲೋಕವನ್ನು ಪೂರ್ತಿ ಬಿಟ್ಟರೆ ಮಾತ್ರ ಪರಿಶುದ್ಧತೆ ಎಂದುಕೊಂಡು ಊಟ ಬಿಡುತ್ತಾರೆ, ನಿದ್ದೆ ಬಿಡುತ್ತಾರೆ, ಮನೆಯವರ ಜೊತೆ ಮಾತೂ ಬಿಡುತ್ತಾರೆ. ಇಲ್ಲಿ ದೇವರು ಕೇಳಿದ್ದು ದಿನವೂ ಉಣ್ಣುವಂಥ ಉಬ್ಬಿದ ರೊಟ್ಟಿಯನ್ನು. ಆದರೆ ಜರಡಿ ಹಿಡಿದ ಮೇಲೆ. ಆ ಕ್ರಮವನ್ನು ತಿರುವುಮುರುವು ಮಾಡಬೇಡ.

ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರ ಸಿಕ್ಕ ನೆನಪಿಗೂ ಯೆಹೂದ್ಯರು ಈ ಹಬ್ಬ ಮಾಡುತ್ತಾರೆ. ಆ ಬೆಟ್ಟದ ಬುಡದಲ್ಲಿ ನಡೆದದ್ದು ವಿಮೋಚನಕಾಂಡ 19ರಲ್ಲಿದೆ. ಇವತ್ತೂ ನಾಳೆಯೂ ಜನರನ್ನು ಶುದ್ಧಿಪಡಿಸು, ಬಟ್ಟೆ ಒಗೆದುಕೊಳ್ಳಲಿ, ಮೂರನೆಯ ದಿನಕ್ಕೆ ಸಿದ್ಧರಾಗಿರಲಿ ಎಂದು ಮೋಶೆಗೆ ಅಪ್ಪಣೆಯಾಯಿತು. ಬೆಟ್ಟಕ್ಕೆ ಸುತ್ತಲೂ ಮೇರೆ ಹಾಕಿದರು. ಅದರ ನೆನಪಿಗೆ ಯೆಹೂದ್ಯರಲ್ಲಿ ಹಬ್ಬದ ಹಿಂದಿನ ಮೂರು ದಿನಗಳಿಗೆ, ಅವರ ಪಂಚಾಂಗದ ಸಿವಾನ್ ತಿಂಗಳ 3ರಿಂದ 5ರವರೆಗೆ, ಮೇರೆಯ ದಿನಗಳು ಎಂದೇ ಹೆಸರು. ನಮ್ಮ ಕಡೆ ಮಡಿ ಎಂದರೆ ಒಬ್ಬರನ್ನೊಬ್ಬರು ಮುಟ್ಟದಿರುವುದು. ಸೀನಾಯಿಯಲ್ಲಿ ಮೇರೆ ಬಿದ್ದದ್ದು ಬೆಟ್ಟದ ಸುತ್ತ. ಜನರ ನಡುವೆ ಗೆರೆ ಎಳೆಯಲಿಲ್ಲ, "ಪರಿಶುದ್ಧ ಜನ" ಎಂದು ಕರೆದದ್ದು ಅಷ್ಟೂ ಮಂದಿಯನ್ನು.

ಆ ಮೂರು ದಿನ ನೀನೇನು ಮಾಡಬೇಕು ಅಂದರೆ, ಮೊದಲು ಮುರಿದ ಮಾತುಗಳನ್ನು ಸರಿಮಾಡಿಕೋ. ಯಾರಿಗೆ ಹಣ ಕೊಡಬೇಕೋ ಬರೆದಿಟ್ಟುಕೊಂಡು ಆದಷ್ಟು ತೀರಿಸು. ಯಾರ ಮೇಲೆ ಮನಸ್ತಾಪವಿದೆಯೋ ಅವರಿಗೆ ನೀನೇ ಮೊದಲು ಫೋನ್ ಮಾಡು. ಬಟ್ಟೆಯನ್ನು ನಿಜವಾಗಿಯೂ ಒಗೆ, ಸಾಂಕೇತಿಕ ಎಂದು ತಳ್ಳಿಹಾಕಬೇಡ. ರೂತಳ ಪುಸ್ತಕ ಓದು. ನಾಲ್ಕೇ ಅಧ್ಯಾಯ, 85 ವಚನ, ಒಂದೇ ಕೂತಲ್ಲಿ ಮುಗಿಯುತ್ತದೆ. ಜವೆ ಗೋಧಿಗಳ ಸುಗ್ಗಿಯ ಕಥೆ ಅದು, ಶಾವುವೋತಿಗೆ ಸಿನಗಾಗಿನಲ್ಲಿ (ಯೆಹೂದ್ಯರ ಪ್ರಾರ್ಥನಾಮಂದಿರದಲ್ಲಿ) ಓದುವುದೂ ಅದನ್ನೇ. ಪರದೇಶದಿಂದ ಬಂದು ಮುದುಕಿಯೊಬ್ಬಳನ್ನು ಸಾಕಿದ ಹೆಣ್ಣಿನ ಕಥೆಯನ್ನು ನೀನು ಹೇಗೆ ಓದುತ್ತೀ ಎಂದು ನಾನು ಹೇಳಿಕೊಡಬೇಕಾಗಿಲ್ಲ.

ಹೊಲದ ಅಂಚನ್ನು ಮರೆಯಬೇಡ. ಯಾಜಕಕಾಂಡ 23ರಲ್ಲಿ ಹಬ್ಬದ ಬಲಿಗಳನ್ನೆಲ್ಲ, ಏಳು ಕುರಿ, ಒಂದು ಹೋರಿ, ಎರಡು ಟಗರು ಎಂದೆಲ್ಲ ಲೆಕ್ಕ ಕೊಟ್ಟ ಕೂಡಲೇ 22ನೇ ವಚನ ಬರುತ್ತದೆ: ಹೊಲದ ಅಂಚಿನ ಪೈರನ್ನು ಪೂರ್ತಿ ಕೊಯ್ಯಬೇಡ, ಹಕ್ಕಲಾಯಬೇಡ, ಬಡವರಿಗೂ ಪರದೇಶಿಯವರಿಗೂ ಬಿಡು. ಅದು ಅಲ್ಲಿಗೆ ದಾರಿ ತಪ್ಪಿ ಬಂದ ವಚನವಲ್ಲ. ಧರ್ಮೋಪದೇಶಕಾಂಡ 16ರಲ್ಲೂ ಈ ಹಬ್ಬದಲ್ಲಿ ಸಂತೋಷಪಡಬೇಕಾದವರ ಸಾಲಿನಲ್ಲಿ ದಾಸದಾಸಿಯರು, ಪರದೇಶಿ, ಅನಾಥ, ವಿಧವೆ ಎಲ್ಲರೂ ಇದ್ದಾರೆ. ಸಂಬಳ ಬಂದ ದಿನವೇ ಅಂಚಿನ ಪಾಲು ತೆಗೆದಿಡು. ಖರ್ಚೆಲ್ಲ ಆದ ಮೇಲೆ ಉಳಿದದ್ದನ್ನು ಕೊಡುತ್ತೇನೆ ಅನ್ನುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅಡುಗೆಮನೆಯ ವಿಷಯ. 2026ರಲ್ಲಿ ಹಬ್ಬ ಮೇ 21 ಗುರುವಾರ ಸಂಜೆಗೆ ಶುರು, ಶುಕ್ರವಾರ ಮುಗಿಯುತ್ತಲೇ ಸಬ್ಬತ್, ಅಂದರೆ ಶನಿವಾರದ ವಿಶ್ರಾಂತಿ ದಿನ. ಹೀಗೆ ಬಂದಾಗ ಸಬ್ಬತ್ತಿನ ಅಡುಗೆಯನ್ನು ಹಬ್ಬದ ದಿನ ಮಾಡಬೇಕಾದರೆ, ಗುರುವಾರ ಹೊತ್ತು ಮುಳುಗುವ ಮುಂಚೆಯೇ ಒಂದು ರೊಟ್ಟಿ, ಬೇಯಿಸಿದ ಒಂದು ಪದಾರ್ಥ (ಸಾಮಾನ್ಯವಾಗಿ ಮೊಟ್ಟೆ) ತೆಗೆದಿಟ್ಟು ಆಶೀರ್ವಚನ ಹೇಳುತ್ತಾರೆ. ಏರುವ್ ತವ್ಷಿಲಿನ್ ಎಂದು ಅದರ ಹೆಸರು. ಮನೆಯವರು ಮಾಡುವ ಕೆಲಸ ಅದು, ಆದರೆ ಬುಧವಾರವೇ ನೆನಪಿಸು. ಆ ಮೊಟ್ಟೆಯನ್ನು ತಿಂಡಿ ಎಂದುಕೊಂಡು ಯಾರಿಗೂ ಬಡಿಸಿಬಿಡಬೇಡ! ಹಬ್ಬದಲ್ಲಿ ಹೊಸದಾಗಿ ಬೆಂಕಿ ಹೊತ್ತಿಸುವುದಿಲ್ಲ, ಉರಿಯುತ್ತಿರುವ ದೀಪದಿಂದ ಹತ್ತಿಸಿಕೊಳ್ಳುತ್ತಾರೆ. ಅದಕ್ಕಾಗಿ ದಿನವಿಡೀ ಉರಿಯುವ ಮೇಣದ ದೀಪ ಇಟ್ಟಿರುತ್ತಾರೆ. ತೀರಿಕೊಂಡವರ ನೆನಪಿಗೂ ಒಂದು ದೀಪ ಇಟ್ಟಿದ್ದಾರು. ರಾತ್ರಿ ಮಲಗುವಾಗ ನಮ್ಮ ಅಭ್ಯಾಸದಂತೆ ಯಾವುದನ್ನೂ ಆರಿಸಬೇಡ. ಹಬ್ಬದಲ್ಲಿ ಹಾಲು ಗಿಣ್ಣುಗಳ ಅಡುಗೆ ಜಾಸ್ತಿ, ಅವರಲ್ಲಿ ಹಾಲು ಮಾಂಸ ಬೆರೆಸುವಂತಿಲ್ಲ, ಹಾಗಾಗಿ ಮಾಂಸದ ಸೌಟು ಚಮಚ ಅದರ ಹತ್ತಿರ ಹೋಗದಂತೆ ನೋಡಿಕೋ. ಯಾವುದೇ ಸಂದೇಹವಿದ್ದರೂ ಮುಂಚಿತವಾಗಿ ಕೇಳು, ಮನೆಯಿಂದ ಮನೆಗೆ ಪದ್ಧತಿ ಬೇರೆ. ಆದರೆ ಅಜ್ಜಿಯ ಪ್ರಾಣಕ್ಕೆ ಅಪಾಯ ಅನ್ನಿಸಿದರೆ ಯಾರನ್ನೂ ಕೇಳಬೇಡ, ಅಲ್ಲಿನ ಆಂಬುಲೆನ್ಸ್ ಸಂಖ್ಯೆ 101ಕ್ಕೆ ಫೋನ್ ಮಾಡು. ಪ್ರಾಣ ಉಳಿಸಲು ಹಬ್ಬದ ಕಟ್ಟಳೆ ಮೀರಬೇಕು ಎಂಬುದು ಅವರ ಧರ್ಮಶಾಸ್ತ್ರದ್ದೇ ವಿಧಿ.

ಆ ರಾತ್ರಿ ಅನೇಕರು ನಿದ್ದೆಗೆಟ್ಟು ಧರ್ಮಶಾಸ್ತ್ರ ಓದುತ್ತಾರೆ. ಸೀನಾಯಿಯ ಬೆಳಿಗ್ಗೆ ಜನ ನಿದ್ದೆ ಹೋಗಿಬಿಟ್ಟಿದ್ದರು ಎಂದು ಮಿದ್ರಾಷಿನ (ಯೆಹೂದ್ಯರ ಹಳೆಯ ವ್ಯಾಖ್ಯಾನದ) ಮಾತು, ಆ ತಪ್ಪಿಗೆ ಇದು ಸರಿಪಡಿಕೆ ಎನ್ನುತ್ತಾರೆ. ನಡುರಾತ್ರಿವರೆಗೆ ಕಾಫಿ ಕುಡಿದು, ಬೆಳಿಗ್ಗೆ ಹತ್ತು ಆಜ್ಞೆಗಳನ್ನು ಓದುವ ಹೊತ್ತಿಗೆ ತೂಕಡಿಸುವವರೂ ಇದ್ದಾರೆ. ಅಜ್ಜಿಗೆ ರಾತ್ರಿ ಔಷಧಿ ಕೊಡಬೇಕಾದ ನೀನು ಜಾಗರಣೆಗೆ ಹೋಗಬೇಡ. ವಿಮೋಚನಕಾಂಡ 19, 20 ಓದಿ ಮಲಗು.

ನಮ್ಮ ಪಂಚಾಶತ್ತಮ (ಪೆಂತೆಕೊಸ್ತ್ ಹಬ್ಬ) ಈ ಸಲ ಎರಡೇ ದಿನ ತಡವಾಗಿ, ಮೇ 24ಕ್ಕೆ. ಯಾಜಕಕಾಂಡ 23ರಲ್ಲಿ ಸಬ್ಬತ್ತಿನ ಮರುದಿನದಿಂದ ಎಣಿಸಿ ಎಂದಿದೆ, ಅದು ಯಾವ ದಿನ ಎಂಬ ಜಗಳ ದೇವಾಲಯದ ಕಾಲದ್ದು. ಫರಿಸಾಯರೆಂಬ ಯೆಹೂದಿ ಪಂಗಡದವರು ಪಸ್ಕದ ಮೊದಲ ದಿನದ ಮರುದಿನದಿಂದ ಎಣಿಸಿದರು, ಬೇರೆಯವರು ಭಾನುವಾರದಿಂದ. ನಾವು ಪುನರುತ್ಥಾನದ ಭಾನುವಾರದಿಂದ ಎಣಿಸುತ್ತೇವೆ. ಅಪೊಸ್ತಲರ ಕೃತ್ಯಗಳು 2ರಲ್ಲಿ ಅಷ್ಟು ದೇಶಗಳ ಜನ ಯೆರೂಸಲೇಮಿನಲ್ಲಿ ನೆರೆದಿದ್ದದ್ದು ಈ ಯಾತ್ರೆಯ ಹಬ್ಬಕ್ಕಾಗಿಯೇ. ಶಿಷ್ಯರೂ ಅಲ್ಲಿಯವರೆಗೆ ಒಟ್ಟಿಗೆ ಪ್ರಾರ್ಥಿಸುತ್ತ ಕಾದಿದ್ದರು.

ಅಲ್ಲಿ ಭಾನುವಾರ ಕೆಲಸದ ದಿನ. ಆರಾಧನೆಗೆ ಹೋಗಬೇಕಾದರೆ ಅಜ್ಜಿಯ ಮಕ್ಕಳಲ್ಲಿ ಈಗಲೇ ರಜೆ ಕೇಳಿಡು, ಹಿಂದಿನ ರಾತ್ರಿ ಕೇಳಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡ. ಅಜ್ಜಿಗೆ ನನ್ನ ಕಡೆಯಿಂದ "ಹಗ್ ಸಮೇಯಾಹ್" (ಹಬ್ಬದ ಶುಭಾಶಯ) ಹೇಳು.

ನಿನ್ನ ದೊಡ್ಡಪ್ಪ