ಸುಧಾಳ ರಕ್ತದ ರಿಪೋರ್ಟ್ ಬಗ್ಗೆ

ನಿಕೋಸಿಯಾ, ಸೈಪ್ರಸ್

ತೀರ್ಥರೂಪ ಅಪ್ಪನವರಿಗೆ, ಮಗಳ ನಮಸ್ಕಾರಗಳು.

ನಾನು ಕ್ಷೇಮ. ತಂಗಿ ಸುಧಾಳ ರಿಪೋರ್ಟಿನ ಫೋಟೋ ಬಂತು. ಕೆಂಪು ರಕ್ತಕಣ 5.9, ಅಂದರೆ ಒಂದು ಮೈಕ್ರೋಲೀಟರಿಗೆ 59 ಲಕ್ಷ. ಹೆಂಗಸರಿಗೆ 48 ಲಕ್ಷದವರೆಗೆ ಎಂದು ಪಕ್ಕದಲ್ಲೇ ಬರೆದಿರುವುದರಿಂದ ಅಮ್ಮ ಹೆದರಿದ್ದು ಸಹಜ. ಆದರೆ ಇದು ಕೆಂಪು ಕಣಗಳು ಅತಿಯಾಗಿ ರಕ್ತ ಮಂದವಾಗುವ ಕಾಯಿಲೆಯಂತೆ ಕಾಣುತ್ತಿಲ್ಲ. ಅದರಲ್ಲಿ ಸಾಮಾನ್ಯವಾಗಿ ಹಿಮೋಗ್ಲೋಬಿನ್ ಕೂಡ ಏರಿ 16 ದಾಟಿರುತ್ತದೆ. ಇವಳದು 11.3.

ಕೆಳಗೆ ಎಂಸಿವಿ 63 ಇದೆ ನೋಡಿ. ಅದು ಕಣದ ಸರಾಸರಿ ಗಾತ್ರ, 80ರ ಮೇಲಿರಬೇಕು. ಕಬ್ಬಿಣಾಂಶ ಕಡಿಮೆಯಾದರೂ ಕಣ ಚಿಕ್ಕದಾಗುತ್ತದೆ, ಆದರೆ ಆಗ ಸಾಮಾನ್ಯವಾಗಿ ಸಂಖ್ಯೆ ಇಷ್ಟು ಏರುವುದಿಲ್ಲ. 63ನ್ನು 5.9ರಿಂದ ಭಾಗಿಸಿದರೆ 10.7. ಹೀಗೆ 13ಕ್ಕಿಂತ ಕಡಿಮೆ ಬಂದರೆ ನಾವು ಲ್ಯಾಬಿನವರು ಮೊದಲು ಅನುಮಾನಿಸುವುದು ಥಲಸ್ಸೇಮಿಯಾ ಮೈನರ್, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ದೋಷದ ಸೌಮ್ಯ ರೂಪ. ಇದು ಸುಳಿವು ಮಾತ್ರ. ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುವ ಫೆರಿಟಿನ್, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ, ಈ ಎರಡು ಪರೀಕ್ಷೆಗಳನ್ನೂ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಅದರಲ್ಲಿ ಹಿಮೋಗ್ಲೋಬಿನ್ ಎ2 ಎಂಬ ಬಗೆ ಶೇ. 3.5ಕ್ಕಿಂತ ಹೆಚ್ಚಿದ್ದರೆ ಅನುಮಾನ ಬಹುಮಟ್ಟಿಗೆ ಖಚಿತವಾಗುತ್ತದೆ. ಫೆರಿಟಿನ್ ಸರಿಯಿದ್ದರೆ ಐರನ್ ಮಾತ್ರೆಯಿಂದ ಅವಳಿಗೆ ಪ್ರಯೋಜನವಿಲ್ಲ.

ಮೈನರ್ ಇದ್ದವರು ಎಲ್ಲರಂತೆ ಆರೋಗ್ಯವಾಗಿಯೇ ಬದುಕುತ್ತಾರೆ. ನನ್ನ ಯೋಚನೆಯೆಲ್ಲ ಮದುವೆಯದು. ಹುಡುಗನಿಗೂ ಇದೇ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಇದರ ತೀವ್ರ ರೂಪವಾದ ಥಲಸ್ಸೇಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು. ಆ ಪುಟ್ಟ ಕೈಗಳನ್ನು ನೋಡಿದವರು ಯಾರೂ ಪರೀಕ್ಷೆ ಬೇಡವೆನ್ನಲಾರರು.

ಈ ದ್ವೀಪದಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರಿಗೆ ಮೈನರ್ ಇದೆ. 1980ರ ದಶಕದಿಂದ ಚರ್ಚಿನಲ್ಲಿ ಮದುವೆಯಾಗಲು ಪರೀಕ್ಷೆ ಮಾಡಿಸಿದ ಸರ್ಟಿಫಿಕೇಟ್ ಬೇಕು. ಫಲಿತಾಂಶ ಏನೇ ಬರಲಿ, ಮದುವೆ ತಡೆಯುವುದಿಲ್ಲ. ಇಬ್ಬರಿಗೂ ತಿಳಿಸಿ ಹೇಳುತ್ತಾರೆ, ತೀರ್ಮಾನ ಅವರದು. ಈಗ ಇಲ್ಲಿ ಮೇಜರ್ ಇರುವ ಮಗು ಹುಟ್ಟುವುದೇ ಅಪರೂಪ. ನಮ್ಮಲ್ಲೂ ಜಾತಕದ ಜೊತೆಗೆ ಇದನ್ನೂ ನೋಡುವಂತಾಗಬೇಕು ಎಂಬುದು ನನ್ನ ಆಸೆ.

ಇದು ತಂದೆಯಿಂದಲೋ ತಾಯಿಯಿಂದಲೋ ಬರುವಂಥದ್ದು. ರಕ್ತ ಕಡಿಮೆಯೆಂದು ಅಮ್ಮ ವರ್ಷಗಟ್ಟಲೆ ಟಾನಿಕ್ ಕುಡಿದಳಲ್ಲ, ಅವಳದನ್ನೂ ನಿಮ್ಮದನ್ನೂ ಒಟ್ಟಿಗೇ ಮಾಡಿಸಿ. ನನಗೆ ಇಲ್ಲಿ ಪರೀಕ್ಷೆಯಾಗಿದೆ, ಇಲ್ಲ ಎಂದು ಬಂದಿದೆ.

ಬೀಗರ ಮನೆಯಲ್ಲಿ ಮಾತೆತ್ತಲು ಸಂಕೋಚವಾದರೆ ಹುಡುಗನ ನಂಬರ್ ಕೊಡಿ, ನಾನೇ ವಿವರಿಸುತ್ತೇನೆ. ಅವನಿಗೆ ಮೈನರ್ ಇಲ್ಲವೆಂದು ಬಂದರೆ ಈ ಭಯವೇ ಇರುವುದಿಲ್ಲ. ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಇಷ್ಟು ಮಾಡಿಸಿಬಿಡಿ.

ನಿಮ್ಮ ಪ್ರೀತಿಯ ಮಗಳು