ಆ ಕಪ್ಪು ಚೌಕಗಳ ವಿಷಯ

ಚಿತ್ರದುರ್ಗ

ಚಿ. ಶೈಲಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರ್ತಾಳೆ, ಬಿಡು. ದೂರಶಿಕ್ಷಣದವರಿಗೆ ಆನ್‌ಲೈನಲ್ಲಿ ಅರ್ಥಶಾಸ್ತ್ರ ಹೇಳುವಾಗ ಎಲ್ಲರೂ ಕ್ಯಾಮೆರಾ ಆರಿಸಿರ್ತಾರೆ, 'ನಲವತ್ತು ಕಪ್ಪು ಚೌಕಗಳಿಗೆ ಪಾಠ ಮಾಡ್ತೀನಿ, ಆ ಕಡೆ ಯಾರೂ ಇಲ್ವೇನೋ ಅಂತ ಭಯ' ಅಂತ ಬರೆದಿದ್ದೀಯಲ್ಲ, ಆ ಸಾಲು ತಲೆಯಿಂದ ಇಳೀತಿಲ್ಲ.

ಇದ್ದಾರೆ ಕಣೇ. ಒಬ್ಬ ಜಗಳೂರಿನ ಕಡೆ ಹೊಲದ ಬದುವಿನ ಮೇಲೆ, ಇನ್ನೊಬ್ಬಳು ದಾವಣಗೆರೆಯಲ್ಲೇ ಮಂಡಕ್ಕಿ ಭಟ್ಟಿ ಕೆಲಸ ಮುಗಿಸಿ. ಕ್ಯಾಮೆರಾ ಆರಿಸೋದು ಡೇಟಾ ಉಳೀಲಿ, ಮನೆ ಗೋಡೆ ಕಾಣದಿರಲಿ ಅಂತ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಹೋಗೋ ಬರೀ ಧ್ವನಿಗೆ ಗಂಟೆಗೆ 30 ಎಂಬಿಯೂ ಬೇಡ. ವಿಡಿಯೊ ಸಾಮಾನ್ಯವಾಗಿ ಅದರ ಹತ್ತು ಪಟ್ಟಿಗೂ ಮೇಲೆ ನುಂಗುತ್ತೆ. ನೀನೂ ಮೊದಲ ಎರಡು ನಿಮಿಷ ಮುಖ ತೋರಿಸಿ ಆರಿಸಿಬಿಡು, ಸ್ಲೈಡು ಸಾಕು.

'ಅರ್ಥ ಆಯ್ತಾ?' ಅಂತ ಮಾತ್ರ ಕೇಳಬೇಡ. ಅದಕ್ಕೆ ಎದುರು ಕೂತವರೇ ಬಾಯಿ ಬಿಡಲ್ಲ. 'ಈರುಳ್ಳಿ ಬೆಲೆ ಇಳಿದರೆ ಬೇಡಿಕೆ ರೇಖೆಯೇ ಸರಿಯುತ್ತೋ, ಅದೇ ರೇಖೆ ಮೇಲೆ ಬಿಂದು ಸರಿಯುತ್ತೋ? 1 ಅಥವಾ 2 ಒತ್ತಿ' ಅನ್ನು. ಆಮೇಲೆ ಸುಮ್ಮನಿರು. ಮೇಷ್ಟರು ಪ್ರಶ್ನೆ ಕೇಳಿ ಒಂದು ಸೆಕೆಂಡೂ ಕಾಯಲ್ಲ, ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಅಳೆದು ತೋರಿಸಿದ್ದಳು. ಅದು ತರಗತಿಯ ಲೆಕ್ಕ. ನಿನ್ನದರಲ್ಲಿ ಧ್ವನಿ ತಡವಾಗಿ ತಲುಪುತ್ತೆ, ಬೆರಳು ಕೀಲಿ ಹುಡುಕುತ್ತೆ. ಮೂವತ್ತು ಸೆಕೆಂಡ್ ಕೊಡು. ಆ ಮೂವತ್ತು ಸೆಕೆಂಡೇ ನಿನ್ನ ಭಯ ಹೆಚ್ಚೋ ಹೊತ್ತು, ಗೊತ್ತು. ತಡ್ಕೋ. ಉತ್ತರ ಅರ್ಧಕ್ಕರ್ಧ ಒಡೆದರೆ ಎದುರಾಎದುರು ಕೂರೋ ಭಾನುವಾರದ ಸಂಪರ್ಕ ತರಗತಿಗೆ ಅದೇ ವಿಷಯ. ಅಲ್ಲಿ ಹೋಗಿ ಅಚ್ಚಾದ ಪಾಠವನ್ನೇ ಮತ್ತೆ ಓದಬೇಡ. ರೇಖೆ ಅವರ ಕೈಯಲ್ಲೇ ಬರೆಸು.

ಕಾಣದವರಿಗೆ ಪಾಠ ಹೇಳೋದು ಹೊಸದೇನಲ್ಲ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆಯಲ್ಲೇ ಪಾಠ ಕಳಿಸೋ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತು, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೇ ಬಂತು. ಅಂಚೆಯಲ್ಲಿ ಬಂದ ಉತ್ತರ ತಿದ್ದುತ್ತಿದ್ದ ನಾವೆಲ್ಲ ಅವುಗಳ ಅಂಚಿಗೆ ಕೆಂಪು ಶಾಯಿಯಲ್ಲಿ 'ಪರವಾಗಿಲ್ಲ' ಅಂತ ಗೀಚಿ ವಾಪಸ್ ಕಳಿಸಿದ್ದು ಈಗಲೂ ಚುಚ್ಚುತ್ತೆ. ಅದನ್ನು ಓದಿದವನಿಗೂ 'ಆ ಕಡೆ ಯಾರೂ ಇಲ್ಲ' ಅನ್ನಿಸಿರಬೇಕು.

ನೀನು ಒಬ್ಬೊಬ್ಬರಿಗೂ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸು: ಹೆಸರು ಕರೆದು, ಸರಿಯಾದದ್ದು ಒಂದು, ತಪ್ಪು ಒಂದು, ತಿದ್ದಿಕೊಳ್ಳೋಕೆ ಪುಟ ಸಂಖ್ಯೆ. ದಿನಕ್ಕೆ ಹತ್ತು ಜನ ಅಂದರೆ ನಾಲ್ಕು ದಿನದ ಕೆಲಸ. ರೆಕಾರ್ಡಿಂಗನ್ನೂ ಹತ್ತು ನಿಮಿಷದ ತುಂಡು ಮಾಡಿ 'ಘಟಕ 3, ಬೇಡಿಕೆ' ಅಂತ ಹೆಸರಿಡು. ಗಂಟೆಯ ಫೈಲು ಯಾರೂ ಇಳಿಸಿಕೊಳ್ಳಲ್ಲ. ಇದೆಲ್ಲ ನಿನಗೆ ಗೊತ್ತಿರಬಹುದು, ಮುದುಕನ ಬಡಬಡಿಕೆ ಅಂದುಕೋ.

ಎರಡು ವಾರ ಒಂದು ಸಲವೂ 1-2 ಒತ್ತದವರಿಗೆ ಸಂಜೆ ಏಳರ ಮೇಲೆ ಫೋನ್ ಹಚ್ಚು. 'ಯಾಕೆ ಬರಲಿಲ್ಲ' ಅನ್ನಬೇಡ. 'ಯಾವ ಪುಟದಲ್ಲಿ ನಿಂತಿದೀಯಪ್ಪಾ' ಅನ್ನು.

ಇಂತಿ,
ನಿನ್ನ ದೊಡ್ಡಪ್ಪ